ರಿವರ್ಸ್ ಹೊಡೆಯುವಾಗ

ಲೈಸೆನ್ಸ್ ಕೈಗೆ ಬಂದು ಐದು ತಿಂಗಳಾದರೂ ನನಗೆ ರಿವರ್ಸ್ ಹೊಡೆಯಲು ಧೈರ್ಯವಿರಲಿಲ್ಲ. ಗಾಡಿ ತಿರುಗಿಸಬೇಕಾದರೆ ಪೀಣ್ಯದ ಮೂರು ಕ್ರಾಸ್ ಸುತ್ತಿಕೊಂಡು ಮುಂದಿನಿಂದಲೇ ಬರುತ್ತಿದ್ದೆ. ಡೀಸೆಲ್ ಹೋದರೂ ಮಾನ ಉಳಿಯುತ್ತಿತ್ತು.

ಈ ‘ರಿವರ್ಸ್’ಗೆ ಕನ್ನಡವಿಲ್ಲವೇ? ಇದೆ. ಆದರೆ ಶಾಲೆಯ ಮೆಟ್ಟಿಲು ಹತ್ತದ ಹಮಾಲನೂ ರಿವರ್ಸ್ ಎಂದೇ ಕೂಗುತ್ತಾನೆ. ಬಾಗಲಕೋಟೆ ಕಡೆಯ ನಮ್ಮೂರಿನ ಚಕ್ಕಡಿಗೆ ಆ ಪದವೇ ಬೇಕಿರಲಿಲ್ಲ. ಎತ್ತುಗಳನ್ನು ನೊಗದಿಂದ ಬಿಚ್ಚಿ, ನಾಲ್ಕು ಜನ ಗಾಲಿಗೆ ಕೈಹಚ್ಚಿ ದಬ್ಬುತ್ತಿದ್ದರು. ಮುಂದೆ ಹೋಗಲು ಒಬ್ಬರಾದರೂ ಸಾಕು, ಹಿಂದೆ ಸರಿಯಲು ಮಂದಿ ಬೇಕು.

ನಮ್ಮ ಟೆಂಪೋಗೆ ಆ ಮಂದಿ ನಾನೇ ಆಗಿದ್ದೆ. ನನ್ನ ಗಂಡ ಓಡಿಸುತ್ತಿದ್ದರು, ನಾನು ಇಳಿದು ಹಿಂದೆ ನಿಂತು ‘ಬರ್ಲಿ ಬರ್ಲಿ’ ಎನ್ನುತ್ತಿದ್ದೆ, ಗೋಡೆ ಹತ್ತಿರವಾದರೆ ‘ಹೋಲ್ಡ್’ ಎಂದು ನಿಲ್ಲಿಸುತ್ತಿದ್ದೆ. “ನೀ ಹೋಲ್ಡ್ ಅನ್ನೂದು ಗ್ವಾಡಿಗೆ ಬಡದ ಮ್ಯಾಲ ನೋಡು,” ಎಂದು ಅವರು ನಗುತ್ತಿದ್ದರು. ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ಗಾಡಿ ನನ್ನ ಕೈಗೆ ಬಂತು. ಕನ್ನಡಿ ನೋಡಿದರೆ, ನಾನು ನಿಲ್ಲುತ್ತಿದ್ದ ಆ ಖಾಲಿ ಜಾಗವೇ ಮೊದಲು ಕಾಣುತ್ತಿತ್ತು.

ಹಾಗಾಗಿ ಕಬ್ಬಿಣದ ಬಿಡಿಭಾಗ ಇಳಿಸುವ ಕಾರ್ಖಾನೆಗೆ ಹೋದಾಗ ಗಲ್ಲಿಯ ಬಾಯಲ್ಲೇ ನಿಲ್ಲಿಸಿಬಿಡುತ್ತಿದ್ದೆ. ಕೆಲಸದವರು ಕ್ರೇಟು ಹೊತ್ತು ಹೊತ್ತು ಬೇಸತ್ತರು. ಒಂದು ದಿನ ಸೂಪರ್‌ವೈಸರ್ ಹೇಳಿಯೇಬಿಟ್ಟರು: “ಮೇಡಂ, ನಾಳೆಯಿಂದ ಗಾಡಿ ಬಾಗ್ಲಿಗೇ ಹಾಕ್ಬೇಕು. ಆಗಲ್ಲ ಅಂದ್ರೆ ಬೇರೆ ಗಾಡಿ ನೋಡ್ಕೋತೀವಿ.” ನಮ್ಮ ಮನೆ ನಡೆಯುತ್ತಿದ್ದುದೇ ಆ ಒಂದು ಕಾರ್ಖಾನೆಯ ಲೋಡಿನಿಂದ.

ಮರುದಿನ ರಿವರ್ಸ್ ಗೇರ್ ಹಾಕಿದೆ. ಕಾಲು ನಡುಗಿತು. ಗಾಡಿ ಅಡ್ಡವಾಗಿ ಇಡೀ ರಸ್ತೆಯನ್ನೇ ಮುಚ್ಚಿತು. ಎರಡೂ ಕಡೆ ಹಾರ್ನೋ ಹಾರ್ನು. ಲಾರಿ ಡ್ರೈವರ್ ಒಬ್ಬ ಸಿಟ್ಟಿನಿಂದಲೇ ಇಳಿದು ಬಂದ.

“ಅಕ್ಕಾ, ಕೀ ಕೊಡಿ, ನಾನೇ ಹಾಕ್ಬಿಡ್ತೀನಿ.”

“ಬ್ಯಾಡ ಅಣ್ಣಾ. ಇವತ್ತ ನೀವ್ ಹಾಕ್ತೀರಿ, ನಾಳೆ ಯಾರ್ ಹಾಕ್ತಾರ?”

ಅವನು ಹಿಂದೆ ಹೋಗಿ ಗಾಡಿಯ ಮೈ ತಟ್ಟಿದ. “ಬರ್ಲಿ... ಲೆಫ್ಟ್ ಕಟ್ ಮಾಡಿ... ಬರ್ಲಿ ಬರ್ಲಿ.”

ಪಕ್ಕದಲ್ಲಿ ಚಿತ್ರಾನ್ನ ಮಾರುವಾಕೆ, “ರೈಟ್‌ಗೆ ತಿರುಗ್ಸು ತಾಯಿ,” ಎಂದಳು.

“ಸುಮ್ನಿರಮ್ಮ, ಚರಂಡಿಗೆ ಬೀಳಿಸ್ತೀಯಾ!” ಎಂದು ಅವನು ಗದರಿದ.

ನನಗೆ ನಗು ಬಂತು. ನಗುತ್ತಿರುವಾಗ ಕಾಲಿಗೆ ನಡುಗುವುದು ಮರೆತುಹೋಗುತ್ತದೆ. “ಹೋಲ್ಡ್!” ಎಂದಾಗ ಬಾಗಿಲಿಗೂ ಗಾಡಿಗೂ ಗೇಣು ಜಾಗವಿತ್ತು. ನಾನಿಳಿದು ಹೆಸರು ಕೇಳುವಷ್ಟರಲ್ಲಿ ಅವನು ಲಾರಿ ಹತ್ತಿಯಾಗಿತ್ತು.

ಆ ಲೋಡು ಇವತ್ತಿಗೂ ನನ್ನದೇ. ಒಂದೇ ಸಲಕ್ಕೆ ಗಾಡಿ ಹಾಕಲು ಈಗಲೂ ಬರುವುದಿಲ್ಲ. ಎರಡು ಸಲ ಮುಂದೆ ತಂದು ಸರಿಮಾಡಿಕೊಳ್ಳುತ್ತೇನೆ. ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ. ಜೋರಾಗಿ ಹೊಡೆದವರೇ ಸ್ವಲ್ಪ ಹೊತ್ತಿಗೆ ಇಳಿದು ಬಂದು ‘ಬರ್ಲಿ ಬರ್ಲಿ’ ಎನ್ನುತ್ತಾರೆ.