ಗುರುವಾರದ ಟೀಚರು ಮತ್ತು ಕಂಬಳಿಯ ತುಂಡು

ಹುಣಸೆಹುಳಿ ಹಚ್ಚಿ ದೀಪದ ಕಂಬ ತಿಕ್ಕುತ್ತಿದ್ದೆ. ಶುಕ್ರವಾರಕ್ಕೆ ಬೇಕಲ್ಲ ಎಂದು ಗುರುವಾರ ಬೆಳಿಗ್ಗೆಯೇ ದೇವರ ಹಿತ್ತಾಳೆ ಸಾಮಾನನ್ನೆಲ್ಲ ಬಚ್ಚಲಿಗೆ ತಂದುಕೊಳ್ಳುವುದು ಅತ್ತೆಯ ಕಾಲದಿಂದ ನಮ್ಮ ಮನೆಯ ರೂಢಿ. ಕೈಯೆಲ್ಲ ಹುಳಿ. ಫೋನು ಬಂದಾಗ ಬೆರಳ ಗೆಣ್ಣಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಕೊಪ್ಪದಿಂದ ನನ್ನ ಮಗಳ ಟೀಚರ ತಂಗಿ ಮಾತಾಡುತ್ತಿದ್ದರು.

"ಅಕ್ಕ ಬೆಳಗಿನ ಜಾವ ಹೋದ್ಲು. ನಿಮಗೆ ಮೊದ್ಲು ಹೇಳ್ಬೇಕು ಅನ್ನಿಸ್ತು. ಇವತ್ತು ಗುರುವಾರ ಅಲ್ದಾ..."

ಹೌದು, ಗುರುವಾರ. ಇನ್ನು ಸ್ವಲ್ಪ ಹೊತ್ತಿಗೆ ಟೀಚರ ಫೋನು ಬರಬೇಕಿತ್ತು. ರಿಟೈರ್ ಆದ ಮೇಲೂ ಅವರು ಗುರುವಾರ ತಪ್ಪಿಸಿದವರಲ್ಲ. ಬಸ್ಸು ಹತ್ತಿ ಬರಲಾಗದ ಮೇಲೆ ಫೋನಿನಲ್ಲಿ ಮುಖ ತೋರಿಸುತ್ತಿದ್ದರು. ಒಳಗೆ ನನ್ನ ಮಗಳು ಗೋಡೆಯ ಹಲಗೆಯ ಎದುರು ಕೂತು ಅದಕ್ಕೇ ಕಾಯುತ್ತಿದ್ದಳು. ನಾನು ದೀಪಕ್ಕೆ ನೀರು ಹೊಯ್ದೆ. ಹುಳಿಯ ವಾಸನೆ, ಹಿತ್ತಾಳೆಯ ವಾಸನೆ. ಆ ವಾಸನೆಯಲ್ಲೇ ಟೀಚರು ನಮ್ಮ ಮನೆಗೆ ಮೊದಲ ಸಲ ಬಂದದ್ದು. ಅವತ್ತೂ ನಾನು ಇದೇ ಕೆಲಸದಲ್ಲಿದ್ದೆ...

ನಮ್ಮದು ನರಸಿಂಹರಾಜಪುರದಲ್ಲಿ ಹಿಟ್ಟಿನ ಮಿಲ್ಲು. ಮುಂದೆ ಮಿಲ್ಲು, ಹಿಂದೆ ಮನೆ. ಮಗಳಿಗೆ ಆಗ ಏಳೋ ಎಂಟೋ. ಮಾತಿರಲಿಲ್ಲ. ಮಿಲ್ಲು ಶುರುವಾದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುವಳು. ಸ್ನಾನಕ್ಕೆ ಎಬ್ಬಿಸಿದರೂ ಅಳು, ಊಟಕ್ಕೆ ಕರೆದರೂ ಅಳು. ಶಿವಮೊಗ್ಗದ ಡಾಕ್ಟರು ಆಟಿಸಂ ಎಂದು ಹೇಳಿದ್ದರು. ಆದರೆ ಅದನ್ನು ಇಟ್ಟುಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಬದುಕುವುದು ಹೇಗೆಂದು ನಮಗೆ ಗೊತ್ತಿರಲಿಲ್ಲ. ನಾನು ಹರಕೆ ಹೊತ್ತೆ. ಹರಕೆಗೆ ದೇವರು ಕೊಟ್ಟ ಉತ್ತರ ಟೀಚರು ಎಂದೇ ಇಂದಿಗೂ ನಂಬಿದ್ದೇನೆ. ಶಾಲೆಗೆ ಹೋಗಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ಕೆಲಸ ಅವರದು. ಕೊಪ್ಪದಿಂದ ದಿನಕ್ಕೊಂದು ದಿಕ್ಕಿಗೆ ಬಸ್ಸು ಹಿಡಿಯುತ್ತಿದ್ದರು. ನಮ್ಮ ಪಾಲಿಗೆ ಗುರುವಾರ.

ಹೆಗಲಲ್ಲಿ ನೀಲಿ ಚೀಲ. ಅದರಿಂದ ಮೊದಲ ದಿನ ಹೊಳಪಿನ ಚಿತ್ರಗಳನ್ನು ತೆಗೆದರು. ಸ್ನಾನ ಎನ್ನುವುದಕ್ಕೆ ಶವರಿನ ಕೆಳಗೆ ನಿಂತ ಗುಲಾಬಿ ಮಗು, ಊಟಕ್ಕೆ ಮೇಜು ಕುರ್ಚಿ. ಮಗಳು ಒಂದನ್ನು ನೆಕ್ಕಿ ನೋಡಿ ಕೆಳಗಿಟ್ಟಳು. ಟೀಚರು ನಮ್ಮ ಬಚ್ಚಲಿಗೆ ಬಂದು ಹಂಡೆ, ಒಲೆ, ಚೊಂಬು ನೋಡಿ ನಕ್ಕರು. "ತಪ್ಪು ನಂದೇ ಬಿಡಿ. ಇದು ಯಾರ ಮನೆ ಸ್ನಾನವೋ, ಇವಳಿಗೆ ಹೇಗೆ ಗೊತ್ತಾಗ್ಬೇಕು?"

ಮರುವಾರ ಬರುವಾಗ ಅವರ ಚೀಲದಲ್ಲಿ ಕತ್ತರಿ, ರಟ್ಟು, ಗೋಂದು. ಸಾಮಾನು ಮಾತ್ರ ನಮ್ಮ ಮನೆಯದೇ ಆಗಬೇಕು ಎಂದರು. ಮೈ ತಿಕ್ಕುವ ಹೀರೆಕಾಯಿ ನಾರಿನ ತುಂಡನ್ನು ಒಂದು ರಟ್ಟಿಗೆ ಅಂಟಿಸಿದರು: ಅದು ಸ್ನಾನ. ಹತ್ತಿಯ ಬತ್ತಿ ಅಂಟಿಸಿದ್ದು ದೇವರ ದೀಪ. ಮುರಿದ ಚಮಚದ ಹಿಡಿ ಊಟ ತಿಂಡಿಗೆ. ಕಣ್ಣಿಗಿಂತ ಬೆರಳಿಗೆ ಮೊದಲು ತಿಳಿಯಲಿ ಎಂದು ಅವರ ಲೆಕ್ಕ. ಹಳೆಯ ಕಪಾಟಿನ ಬಾಗಿಲನ್ನು ನಮ್ಮ ಮನೆಯವರು ಹಲಗೆ ಮಾಡಿ ಗೋಡೆಗೆ ಹೊಡೆದರು. ಮೇಲಿನಿಂದ ಕೆಳಕ್ಕೆ ಆ ದಿನದ ಕೆಲಸಗಳು ಸಾಲಾಗಿ. ಒಂದು ಮುಗಿದರೆ ಆ ರಟ್ಟನ್ನು ಕಿತ್ತು ಇಂಗಿನ ಡಬ್ಬಕ್ಕೆ ಹಾಕಬೇಕು, ಆಮೇಲೆ ಮುಂದಿನದು. ಮರುದಿನ ಬೆಳಿಗ್ಗೆ ನಾನು ಎಲ್ಲವನ್ನೂ ಮತ್ತೆ ಹಲಗೆಗೆ ಏರಿಸಬೇಕು.

ಅಂಟಿಸಿ ಕೀಳಲು ವೆಲ್ಕ್ರೋ ಬೇಕಿತ್ತು. ಪೇಟೆಯಲ್ಲಿ ಚೀಲ ರಿಪೇರಿ ಮಾಡುವ ಸಾಹೇಬರ ಹತ್ತಿರ ಹೋಗಿ ಕೇಳಿದೆ. "ಇಷ್ಟೆಲ್ಲ ಎಂತಕ್ಕಮ್ಮ? ಮನೆಯವ್ರನ್ನ ಗೋಡೆಗೆ ಅಂಟಿಸ್ತೀರಾ?" ಎಂದರು. ಮಗಳಿಗೆ ಎಂದು ಹೇಳಿದೆ. ಅಲ್ಲಿಂದ ಮುಂದೆ ಹಳೆಯ ಚೀಲಗಳಿಂದ ಬಿಚ್ಚಿದ ಪಟ್ಟಿಗಳನ್ನೆಲ್ಲ ನಮಗೆಂದೇ ಸುತ್ತಿಡುತ್ತಿದ್ದರು.

ಒಂದು ದಿನ ಟೀಚರ ಚೀಲದ ಕೈ ನಮ್ಮ ಹೊಸಿಲಲ್ಲೇ ಹರಿಯಿತು. ಅಲ್ಲೇ ಕೂತು ಒಂದು ತುಂಡು ಕತ್ತರಿಸಿ ರಟ್ಟಿಗೆ ಅಂಟಿಸಿ, "ಇದು ನಾನು," ಎಂದರು. ಗುರುವಾರಗಳ ಸಾಲಿಗೆ ಆ ನೀಲಿ ತುಂಡು ಸೇರಿತು.

ಕೆಲವು ತಿಂಗಳಲ್ಲಿ ಮಗಳು ತಾನೇ ಎದ್ದು ಹಲಗೆ ಮುಟ್ಟಿ ನೋಡಿ ಸ್ನಾನಕ್ಕೆ ಬರತೊಡಗಿದಳು. ಸ್ನಾನ, ದೀಪ, ತಿಂಡಿ. ಬತ್ತಿಯ ರಟ್ಟು ಹಿಡಿದು ದೇವರ ಕೋಣೆಗೆ ಬಂದು, ನಾನು ದೀಪ ಹಚ್ಚುವುದನ್ನು ನೋಡಿ, ರಟ್ಟನ್ನು ಡಬ್ಬಕ್ಕೆ ಹಾಕಿ ತಿಂಡಿಗೆ ಕೂರುವಳು. ಅಳುವಿಲ್ಲದ ಬೆಳಗು ಎಂದರೆ ಏನೆಂದು ಅಂಥ ಮನೆಯವರಿಗೇ ಗೊತ್ತು.

ಆಗ ಶೃಂಗೇರಿಯಲ್ಲಿ ನಮ್ಮ ಮನೆಯವರ ದೊಡ್ಡಪ್ಪ ತೀರಿಕೊಂಡರು. ನಮಗೆ ಸೂತಕ. ಶುದ್ಧವಾಗುವವರೆಗೆ ದೇವರ ಕೋಣೆಗೆ ಚಿಲಕ, ದೀಪವಿಲ್ಲ. ಹಲಗೆಯ ನೆನಪು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಬೆಳಿಗ್ಗೆ ಮಗಳು ಬತ್ತಿಯ ರಟ್ಟು ಹಿಡಿದು ಹೋಗಿ ಮುಚ್ಚಿದ ಬಾಗಿಲ ಎದುರು ನಿಂತಳು. ತಿಂಡಿಗೆ ಕರೆದರೆ ಬರಲಿಲ್ಲ. ದೀಪ ಮುಗಿಯದೆ ತಿಂಡಿ ಹೇಗೆ? ಕಲಿತದ್ದನ್ನು ಚೆನ್ನಾಗಿಯೇ ಕಲಿತಿದ್ದಳು. ರಟ್ಟನ್ನು ತೆಗೆದಿಟ್ಟೆವು, ಹಲಗೆಯ ಖಾಲಿ ಜಾಗಕ್ಕೆ ಬೆರಳೊತ್ತಿ ನಿಂತಳು. ಬಾಯಿಗಿಟ್ಟ ದೋಸೆಯನ್ನು ಉಗಿದಳು. ಮಧ್ಯಾಹ್ನವೂ ಇಲ್ಲ, ಸಂಜೆಯೂ ಇಲ್ಲ. ಮರುದಿನ ತುಟಿ ಒಣಗಿತ್ತು.

ಅತ್ತೆ ದೇವರ ಬಾಗಿಲ ಹತ್ತಿರ ಕೂತಿದ್ದರು. ಸೂತಕದಲ್ಲಿ ದೀಪ ಹಚ್ಚುವಂತಿಲ್ಲ, ಮೊಮ್ಮಗಳ ಹಸಿದ ಹೊಟ್ಟೆ ನೋಡಲೂ ಆಗದು. "ಹಚ್ಚಿಬಿಡ್ಲಾ? ಪಾಪ ಬಂದ್ರೆ ನಂಗೇ ಬರ್ಲಿ," ಎಂದರು. ನಾನು ಟೀಚರಿಗೆ ಫೋನು ಮಾಡಿದೆ. ಅವತ್ತು ಗುರುವಾರವಲ್ಲ. ಮೇಲಾಗಿ ಸೂತಕದ ಮನೆ, ಬರಬೇಡಿ, ಫೋನಿನಲ್ಲೇ ಹೇಳಿ ಎಂದೆ. "ಮನೆಗೆ ಹೋಗಿ ತಲೆ ಮೇಲೆ ನೀರು ಹಾಕ್ಕೊಂಡ್ರೆ ಆಯ್ತು. ಬರ್ತೀನಿ ಇರಿ," ಎಂದರು.

ಬಂದವರು ಒಂದು ಹಳೆಯ ಕಂಬಳಿ ಕೇಳಿದರು. ರಟ್ಟಿನಷ್ಟೇ ಅಗಲದ ತುಂಡು ಕತ್ತರಿಸಿ ಹಿಂದೆ ವೆಲ್ಕ್ರೋ ಹೊಲಿದರು. ನೇರವಾಗಿ ದೀಪಕ್ಕೆ ಹೋಗಲಿಲ್ಲ. ಮೊದಲು ಬಣ್ಣದ ಮಣಿಗಳ ಡಬ್ಬಿಯ ಮೇಲೆ ಕಂಬಳಿ ಮುಚ್ಚಿ "ಇವತ್ತಿಲ್ಲ" ಎಂದು ಮಗಳ ಕೈಯನ್ನು ಪಕ್ಕದ ಬಟ್ಟಲಿಗೆ ದಾಟಿಸಿದರು. ಮತ್ತೆ ತೆಗೆದು ಮಣಿ ತೋರಿಸಿದರು. ಮತ್ತೆ ಮುಚ್ಚಿದರು. ಎಷ್ಟು ಸಲವೋ... ಒರಟು ಕಂಬಳಿಯನ್ನು ಮುಟ್ಟಿ ಮುಟ್ಟಿ ಮಗಳ ಬೆರಳು ಕೆಂಪಾಗಿತ್ತು. ಕೊನೆಗೆ ಮಣಿಯ ಡಬ್ಬಿಯನ್ನು ತಾನೇ ಮುಚ್ಚಿ ತಾನೇ ದಾಟಿದಳು. ಆಗ ಟೀಚರು ಅವಳನ್ನು ಹಲಗೆಯ ಹತ್ತಿರ ಕರೆದೊಯ್ದು, ಬತ್ತಿಯ ರಟ್ಟನ್ನು ಮೊದಲಿನ ಜಾಗಕ್ಕೇ ಅಂಟಿಸಿ, ಅದರ ಮೇಲೆ ಕಂಬಳಿ ಮುಚ್ಚಿದರು. "ಇವತ್ತಿಲ್ಲ."

ಮಗಳು ಕಂಬಳಿ ಮುಟ್ಟಿದಳು. ಎತ್ತಿ ನೋಡಿದಳು, ಬತ್ತಿ ಅಲ್ಲೇ ಇತ್ತು. ಮುಚ್ಚಿದಳು. ಕೈ ಕೆಳಕ್ಕೆ ಇಳಿದು ಚಮಚದ ಹಿಡಿಯನ್ನು ಕಿತ್ತಿತು.

ಅವಳು ತಣ್ಣಗಾದ ಗಂಜಿ ಉಣ್ಣುವುದನ್ನು ಎಲ್ಲರೂ ಸುತ್ತ ಕೂತು ನೋಡಿದೆವು. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ದೇವ್ರಿಗೂ ಕಂಬಳಿ ಹೊದಿಸ್ದ್ಯಲ್ಲೇ ಮಾರಾಯ್ತಿ," ಎಂದರು.

"ಅವ್ರಿಗೂ ಚಳಿ ಆಗತ್ತಲ್ಲ ಅಜ್ಜಿ," ಎಂದರು ಟೀಚರು.

ಹೊರಡುವಾಗ ನನ್ನೊಬ್ಬಳಿಗೇ ಒಂದು ಮಾತು ಹೇಳಿದರು. "ಶುದ್ಧ ಆದ ದಿನ ಕಂಬಳಿ ತೆಗೆಯೋದು ಮರೀಬೇಡಿ. ಮತ್ತೆ ಬರೋದಕ್ಕೆ ಮಾತ್ರ ಇದನ್ನ ಮುಚ್ಬೇಕು. ಬಾರದೇ ಇರೋದಕ್ಕೆ ಮುಚ್ಚಿದ್ರೆ ಸುಳ್ಳಾಗತ್ತೆ. ಒಂದ್ಸಲ ಸುಳ್ಳು ಅಂತ ಗೊತ್ತಾದ್ರೆ ಹಲಗೇನೇ ನಂಬಲ್ಲ ಇವಳು."

ಆ ಮಾತಿನ ಭಾರ ಗೊತ್ತಾದದ್ದು ಅತ್ತೆ ಹೋದಾಗ. ಅತ್ತೆಗೂ ಹಲಗೆಯಲ್ಲಿ ಒಂದು ರಟ್ಟಿತ್ತು, ಚೆನ್ನೆಮಣೆಯ ಕಾಯಿ ಅಂಟಿಸಿದ್ದು. ಅಟ್ಟದಲ್ಲಿದ್ದ ತಮ್ಮ ಚೆನ್ನೆಮಣೆಯನ್ನು ಪಾಠಕ್ಕೆಂದು ಕೊಟ್ಟವರು ಅವರೇ. ಮೊದಲು "ಆಟದ ಸಾಮಾನಲ್ಲಿ ಎಂತ ಪಾಠ?" ಎಂದು ಮೂಗು ಮುರಿದು, ಆಮೇಲೆ ಮೊಮ್ಮಗಳ ಜೊತೆ ಗುಳಿಗೊಂದು ಕಾಯಿ ಹಾಕುತ್ತ ಕೂರುತ್ತಿದ್ದರು. ಅವರು ಹೋದ ಮೇಲೆ ಟೀಚರು ಆ ರಟ್ಟನ್ನು ಮಗಳ ಕೈಯಿಂದಲೇ ಕೀಳಿಸಿದರು. ಡಬ್ಬಕ್ಕೆ ಹಾಕಿಸಲಿಲ್ಲ, ಅಲ್ಲಿಗೆ ಹೋದದ್ದು ಮರುದಿನ ಬರುತ್ತದಲ್ಲ. ಹಾರ ಹಾಕಿದ ಅತ್ತೆಯ ಫೋಟೋದ ಕೆಳಗೆ ಗೋಡೆಗೆ ವೆಲ್ಕ್ರೋ ಪಟ್ಟಿ ಹೊಡೆದು ಅಲ್ಲಿ ಅಂಟಿಸಿದರು. "ಬೇಕಾದಾಗ ಮುಟ್ಟಬಹುದು ಕೂಸೇ. ಹಲಗೇಲಿ ಇಲ್ಲ, ಇಲ್ಲಿ ಇದ್ದಾರೆ."

ಒಂದು ರಟ್ಟಿಗೆ ಪಟ್ಟಿ ಉದ್ದವಾಯಿತು ಎನ್ನಿಸಿತು ನನಗೆ. "ಇಷ್ಟುದ್ದ ಯಾಕೆ ಟೀಚರ್, ಕತ್ತರಿಸ್ಲಾ?" ಎಂದೆ.

"ಇರ್ಲಿ ಬಿಡಿ," ಎಂದರು.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ದೀಪದ ಕಂಬ ಬೆಳಗಿತ್ತು. ಕೈ ತೊಳೆದು ಒಳಗೆ ಬಂದೆ. ಮಗಳು, ಈಗ ನನಗಿಂತ ಎತ್ತರದ ಹೆಣ್ಣು, ನೀಲಿ ತುಂಡಿನ ರಟ್ಟನ್ನು ಬೆರಳಲ್ಲಿ ಸವರುತ್ತ ಫೋನಿನ ಕಡೆ ನೋಡಿದಳು. ಕಂಬಳಿಯ ತುಂಡು ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ಕೈಗೆ ತೆಗೆದುಕೊಂಡೆ. ಇವತ್ತೊಂದು ದಿನ ಮುಚ್ಚಿದರೆ ಒಂದು ವಾರ ಸಿಗುತ್ತದೆ. ಮುಂದಿನ ಗುರುವಾರ ಇನ್ನೊಂದು ವಾರ... ಅಳು ನೋಡುವ ಶಕ್ತಿ ಅವತ್ತು ನನ್ನಲ್ಲಿ ಇರಲಿಲ್ಲ. ಆದರೆ ಆ ಕಂಬಳಿಯನ್ನು ಕತ್ತರಿಸಿದ ಕೈ ಯಾರದು? ಅದರಿಂದಲೇ ಅವರ ಮೇಲೆ ಸುಳ್ಳು ಹೊದಿಸಲು ಮನಸ್ಸು ಬರಲಿಲ್ಲ. ಮೊಳೆಗೇ ಸಿಕ್ಕಿಸಿದೆ.

"ಟೀಚರ್ ಇನ್ನು ಬರಲ್ಲ ಕೂಸೇ. ಫೋನಲ್ಲೂ ಬರಲ್ಲ," ಎಂದೆ. ಅವಳ ಬೆರಳಿನ ಮೇಲೆ ನನ್ನ ಬೆರಳಿಟ್ಟು ರಟ್ಟನ್ನು ಕೀಳಿಸಿದೆ. ಆ ಕರ್ರೆನ್ನುವ ಸದ್ದು ದಿನಾ ಕೇಳಿದ್ದೇ. ಅವಳು ರಟ್ಟು ಹಿಡಿದು ಡಬ್ಬದ ಹತ್ತಿರ ಹೋಗಿ ನಿಂತಳು. ಮುಚ್ಚಳ ತೆಗೆಯಲಿಲ್ಲ. ನನ್ನ ಮುಖ ನೋಡಿದಳು. ಅವಳು ಹಾಗೆ ನೇರ ನೋಡುವುದು ಅಪರೂಪ. ಆಮೇಲೆ ತಿರುಗಿ ಅತ್ತೆಯ ಫೋಟೋದ ಕೆಳಗೆ ಹೋಗಿ, ಚೆನ್ನೆಕಾಯಿಯ ಪಕ್ಕ ನೀಲಿ ತುಂಡನ್ನು ಒತ್ತಿದಳು. ಬಹಳ ಹೊತ್ತು ಒತ್ತಿಯೇ ಹಿಡಿದಿದ್ದಳು. ಗಂಟಲಿನಿಂದ ಸಣ್ಣ ದನಿ ಬಂತು, ನಿಂತಿತು.

ಪಟ್ಟಿಯಲ್ಲಿ ಇನ್ನೂ ಜಾಗ ಉಳಿದಿದೆ. ಎರಡು ರಟ್ಟಿಗೆ ಸಾಕಾಗುವಷ್ಟು. ನನ್ನ ರಟ್ಟು, ಅವಳ ಅಪ್ಪನ ರಟ್ಟು ಸದ್ಯ ಹಲಗೆಯಲ್ಲಿವೆ. ನಾನು ಇಷ್ಟು ವರ್ಷ ದೇವರ ಮುಂದೆ ಕೇಳಿಕೊಂಡದ್ದು ಅದೊಂದನ್ನೇ: ನಾವು ಹೋದ ದಿನ ಇವಳಿಗೆ ತಿಳಿಸುವವರು ಯಾರು ಎಂದು. ಟೀಚರು ಬಾಯಲ್ಲಿ ಏನೂ ಹೇಳದೆ ಜಾಗ ಬಿಟ್ಟು ಹೋಗಿದ್ದರು.

ಅವರು ನಮ್ಮ ನಂಟರಲ್ಲ, ಹಾಗಾಗಿ ಸೂತಕವಿಲ್ಲ. ಸಂಜೆ ದೀಪ ಹಚ್ಚಬಹುದು. ಅದೂ ಒಂದು ದಯೆ ಎಂದುಕೊಂಡೆ.

ಮಗಳು ಹಲಗೆಗೆ ಹಿಂದಿರುಗಿ ಮುಂದಿನ ರಟ್ಟನ್ನು ಕಿತ್ತು ತಂದು ನನ್ನ ಕೈಯಲ್ಲಿಟ್ಟಳು. ಹತ್ತಿಯ ಉಂಡೆ ಅಂಟಿಸಿದ್ದು: ಬತ್ತಿ ಹೊಸೆಯುವುದು. ಹತ್ತಿ ಎಳೆಯುವುದು, ಬೆರಳಿಗೆ ಹಾಲು ಮುಟ್ಟಿಸುವುದು, ಹೊಸೆಯುವುದು, ಒಂದೊಂದನ್ನೂ ಬಿಡಿಬಿಡಿಯಾಗಿ ಅವರೇ ಕಲಿಸಿದ್ದು. ಚೆನ್ನೆಮಣೆ ಇಳಿಸಿ ಇಬ್ಬರೂ ಎದುರುಬದುರು ಕೂತೆವು. ಗುಳಿಗೆ ಎರಡರಂತೆ ಬತ್ತಿ ತುಂಬತೊಡಗಿದೆವು.