ನಾಲಿಗೆ ಸುಮ್ನಿರ್ಲಿ ಟೀಚರಮ್ಮ

ನಮ್ಮ ಹಿರಿಯೂರಿನ ಹಲ್ಲಿನ ಡಾಕ್ಟರ ಮೀಸೆಯಲ್ಲಿ ಸದಾ ಒಂದೆರಡು ಎಳೆ ಹತ್ತಿ ಸಿಕ್ಕಿಕೊಂಡಿರುತ್ತಿತ್ತು. ಹಲ್ಲು ಒಣಗಿಸುವುದೆಂದರೆ ಅವರಿಗೆ ಪೂಜೆ. ಹತ್ತಿ ಒತ್ತಿ, ರಬ್ಬರ್ ಬುರುಡೆಯಿಂದ ಫುಸ್ ಫುಸ್ ಗಾಳಿ ಬಿಟ್ಟು, ಮತ್ತೆ ಹತ್ತಿ ಒತ್ತಿ, ನಮ್ಮ ಗಂಟಲೂ ಒಣಗುವವರೆಗೆ ಬಿಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ನಾನು ಒಂದನೇ ತರಗತಿಗೆ ಹೊಸ ಟೀಚರ್, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಒಣಕೊಬ್ಬರಿ ಕಡಿಯಲು ಹೋಗಿ ಮುಂದಿನ ಹಲ್ಲಿನ ತುದಿ ಮುರಿದುಕೊಂಡೆ. ಆಮೇಲೆ ನಾನು ‘ಸ’ ಅಂದರೆ ಸೀಟಿ ಹೊಡೆದಂತೆ ಕೇಳುತ್ತಿತ್ತು. ಮಕ್ಕಳು ಬಲು ವಿಧೇಯರು, ನಲವತ್ತು ಜನವೂ ‘ಸ’ವನ್ನು ಸೀಟಿ ಸಮೇತ ಕಲಿತುಬಿಟ್ಟರು. ತಿಂಗಳೊಳಗೆ ಇನ್‌ಸ್ಪೆಕ್ಟರ್ ಬರುವವರಿದ್ದರು. ಅವರು ಮೆಚ್ಚದಿದ್ದರೆ ನನ್ನ ಕೆಲಸಕ್ಕೇ ಸಂಚಕಾರ. ನನಗೆ ಊಟ ಸೇರುತ್ತಿರಲಿಲ್ಲ.

ಮುರಿದ ಜಾಗಕ್ಕೆ ಅಂಟಿಸಿದರೆ ಗಟ್ಟಿಯಾಗಿ ಹಲ್ಲಿನ ಚೂರೇ ಆಗುವಂಥ ಹೊಸ ಮದ್ದನ್ನು ಡಾಕ್ಟರು ತರಿಸಿದ್ದರು. ಮೊದಲು ಹಲ್ಲಿಗೆ ಒಂದು ತೊಟ್ಟು ಆಸಿಡ್ ಸವರಿ, ತೊಳೆದು, ಒಣಗಿಸಿ, ಕನ್ನಡಿ ಹಿಡಿದರು. ಹಲ್ಲು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು.

“ನುಣ್ಣಗಿರೋ ಹಲ್ಲಿಗೆ ಏನೂ ಹತ್ತಲ್ಲ. ಈಗ ತರಿತರಿ ಆಗೈತೆ, ಮದ್ದು ಹಿಡ್ಕಂತೈತೆ. ನಾಲಿಗೆ ಸುಮ್ನಿರ್ಲಿ ಟೀಚರಮ್ಮ, ಎಂಜಲು ತಾಗಿದ್ರೆ ಕೆಲ್ಸ ಕೆಡ್ತೈತೆ,” ಎಂದು ಮದ್ದು ಕಲೆಸಲು ಆ ಕಡೆ ತಿರುಗಿದರು.

ತರಿತರಿ ಅಂದರೆ ಹೇಗಿರುತ್ತದೆ? ನನ್ನ ಹಾಳು ನಾಲಿಗೆ ನೋಡಿಯೇ ಬಿಟ್ಟಿತು. ಅವರಿಗೆ ನಾನು ಹೇಳಲಿಲ್ಲ.

ಮೂರನೇ ದಿನ ತರಗತಿಯಲ್ಲಿ ‘ಸರ’ ಎನ್ನುವಾಗ, ಅಂಟಿಸಿದ ಚೂರು ಮುಂದಿನ ಸಾಲಿನ ಹುಡುಗಿಯ ಸ್ಲೇಟಿನ ಮೇಲೆ ಟಿಕ್ಕೆಂದು ಬಿತ್ತು. ಮತ್ತೆ ಡಾಕ್ಟರ ಹತ್ತಿರ ಓಡಿದೆ. ಅವರು “ನಂದೇ ತಪ್ಪು, ಸರಿಯಾಗಿ ಒಣಗ್ಸಿಲ್ಲ” ಎಂದು ಮುಖ ಸಣ್ಣ ಮಾಡಿಕೊಂಡಾಗ ನನಗೆ ತಡೆಯಲಾಗಲಿಲ್ಲ. ನಾಲಿಗೆ ಆಡಿಸಿದ್ದನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಹೊರಗೆ ಕೂತಿದ್ದ ನನ್ನ ಅತ್ತೆಯನ್ನು ಒಳಗೆ ಕರೆದರು.

“ಅಮ್ಮಾ, ನಿಮ್ಮ ಸೊಸೆ ಹಲ್ಲು ಈಗ ಮಡೀಲಿ ಐತೆ. ಎಂಜಲಾಗ್ದಂಗೆ ಕಾಯ್ರಿ.”

ಓದಿದ ನನ್ನ ತಲೆಗೆ ಹತ್ತದ ವಿಷಯ ಅತ್ತೆಗೆ ತಕ್ಷಣ ತಿಳಿಯಿತು. ಕುರ್ಚಿಯ ಪಕ್ಕ ನಿಂತು ನನ್ನ ಬಾಯನ್ನೇ ದುರುಗುಟ್ಟಿ ನೋಡಿದರು. ನಾಲಿಗೆ ಕೊಂಚ ಮಿಸುಕಿದರೂ ಸಾಕು, “ಎಂಜ್ಲಾತು ಡಾಕ್ಟ್ರೆ, ಮತ್ತೆ ತೊಳೀರಿ,” ಎನ್ನುತ್ತಿದ್ದರು. ಡಾಕ್ಟರು ಮೊದಲಿನಿಂದ ಶುರು ಮಾಡುತ್ತಿದ್ದರು. ಮೂರು ಸಲ ಹೀಗಾಯಿತು. ಇಬ್ಬರೂ ಸೇರಿ ಅವತ್ತು ನನ್ನನ್ನು ಅರೆದುಬಿಟ್ಟರು.

ಚೂರು ನಿಂತಿತು. ಇನ್‌ಸ್ಪೆಕ್ಟರ್ ಬಂದರು. ನಾನು ‘ಸ’ ಅಂದೆ, ಸ್ವಚ್ಛವಾಗಿ ಬಂತು. ನಲವತ್ತು ಮಕ್ಕಳೂ ಸೀಟಿ ಹೊಡೆದರು.

“ಏನ್ರಿ ಇದು?” ಎಂದರು ಇನ್‌ಸ್ಪೆಕ್ಟರ್.

“ಹಾಲುಹಲ್ಲು ಬಿದ್ದಾವೆ ಸಾರ್,” ಎಂದೆ.

ಅವರು ಒಬ್ಬೊಬ್ಬರದೇ ಬಾಯಿ ತೆಗೆಸಿ ನೋಡಿದರು. ಆ ವಯಸ್ಸಿನಲ್ಲಿ ಯಾರ ಬಾಯಲ್ಲಿ ನೆಟ್ಟಗೆ ಹಲ್ಲಿರುತ್ತವೆ? ಸಹಿ ಹಾಕಿ ಹೋದರು.

ಸುದ್ದಿ ಹೇಳಿದಾಗ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಬಾಯಿ ರಿಪೇರಿ ಮಾಡಿದ್ದೇ ತಡ, ಸುಳ್ಳು ಹೇಳಕ್ಕೆ ಶುರು ಹಚ್ಕಂಡ್ರಲ್ಲಮ್ಮ.”

ಅವರು ತೀರಿಕೊಂಡ ದಿನ ಅವರ ಮನೆಯವರಿಗಿಂತ ನಾನೇ ಹೆಚ್ಚು ಅತ್ತುಬಿಟ್ಟೆ. ಆ ಚೂರು ಹನ್ನೊಂದು ವರ್ಷ ನಿಂತು ಉದುರಿತು. ಅವರು ಗಟ್ಟಿ ಮಾಡಿಕೊಟ್ಟ ನೌಕರಿ ಮಾತ್ರ ನಿವೃತ್ತಿಯವರೆಗೂ ಅಲ್ಲಾಡಲಿಲ್ಲ.