ಅಪ್ಪ ಕಲಿಸಿದ ಎರಡು ‘ನಾವು’

ಮಸ್ಕತ್‌ನ ಫ್ಲಾಟಿನಲ್ಲಿ ಇವತ್ತು ಮಗ ಶಾಲೆಯ ಸ್ಪರ್ಧೆಗೆಂದು ಅಮೆರಿಕದ ಅಧ್ಯಕ್ಷರೊಬ್ಬರ ಹಳೆಯ ಭಾಷಣ ಬಾಯಿಪಾಠ ಮಾಡುತ್ತಿದ್ದ. ‘ನಾವು’ ಎನ್ನುವ ಪ್ರತಿ ಇಂಗ್ಲಿಷ್ ‘ವಿ’ಗೂ ಎದೆ ಮುಟ್ಟಿಕೊಳ್ಳುತ್ತಿದ್ದ.

ಒಮಾನಿನ ಒಳನಾಡಿನ ಇಬ್ರಿಯ ಮನೆಯಲ್ಲಿ ಅದೇ ಭಾಷಣವನ್ನು ಅಪ್ಪ, ಶಾಲೆಗೆ ಹೋಗುತ್ತಿದ್ದ ಹುಡುಗಿ ನನ್ನನ್ನು ಹಾಲಿನಪುಡಿಯ ಪೆಟ್ಟಿಗೆ ಮೇಲೆ ನಿಲ್ಲಿಸಿ ಕಲಿಸಿದ್ದರು. ಅವರ ಅಂಗಿಯಲ್ಲಿ ಅಂಗಡಿಯ ಏಲಕ್ಕಿ ವಾಸನೆ.

“ನಮ್ಮ ತುಳುವಿನಲ್ಲಿ ‘ನಾವು’ ಎರಡುಂಟು ಮಗಳೇ. ಕೇಳುವವರನ್ನೂ ಸೇರಿಸಿದ್ರೆ ‘ನಮ’, ಬಿಟ್ರೆ ‘ಎಂಕುಲು’. ಈ ಭಾಷಣ ಗೆದ್ದದ್ದೇ ‘ನಮ’ದಿಂದ.”

ಶಾಲೆಯ ಸ್ಪರ್ಧೆಯಲ್ಲಿ ನಾನೂ ಗೆದ್ದೆ. ಅದರ ಹಿಂದೆಯೇ ಒಂದು ದಿನ, ತಮ್ಮನನ್ನು ಮಡಿಲಲ್ಲಿ ಕೂರಿಸಿಕೊಂಡು ಅಪ್ಪ ನನಗೆ ಅಂದರು: “ಎಂಕುಲು ಮುಲ್ಪನೇ ಉಪ್ಪುವ. ಈ ಊರುಗು ಪೋ.” ನಾವು ಇಲ್ಲೇ ಇರುತ್ತೇವೆ, ನೀನು ಊರಿಗೆ ಹೋಗು. ಅಮ್ಮ ನನ್ನ ಬಟ್ಟೆ ಮಡಚಿಡುತ್ತಿದ್ದರು.

“ಅಮ್ಮ, ಈ ‘ವಿ’ ಅಂದ್ರೆ ಯಾರ್ಯಾರು?” ಎಂದು ಮಗ ಕೇಳಿದ.

“ಮೈಕ್ ಹಿಡಿದವರು ಯಾರನ್ನು ಸೇರಿಸ್ತಾರೋ ಅವರು” ಎಂದೆ.